ಮಂಡ್ಯದ ಮನೆಯಲ್ಲಿ ಬಾಲ್ಸಾ ವಿಮಾನ ಕಟ್ಟಿದ್ದು

ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನದ ಕಿಟ್ ಪೆಟ್ಟಿಗೆ ಬಿಚ್ಚಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಒಳಗಿದ್ದ ಬಾಲ್ಸಾ (ತುಂಬಾ ಹಗುರವಾದ ಮರ) ಹಾಳೆ, ಕಡ್ಡಿಗಳನ್ನೆಲ್ಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಗಿದ್ದು. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಒಂದೂವರೆಪಟ್ಟು ತೂಗುವುದು ಬಾಲ್ಸಾದಲ್ಲಿ ಮಾಮೂಲು. ಹಗುರವಾದದ್ದರ ಮೇಲೆ ಪೆನ್ಸಿಲಿನಲ್ಲಿ ‘ಬಾಲ’ ಎಂದು ಬರೆದೆ, ಭಾರವಾದದ್ದರ ಮೇಲೆ ‘ಮೂಗು’. ನನ್ನದು ಒಂದೂವರೆ ಮೀಟರ್ ರೆಕ್ಕೆಯ ಹೈ-ವಿಂಗ್ ಟ್ರೈನರ್, ಅಂದರೆ ರೆಕ್ಕೆ ಮೈಯ ಮೇಲಿರುವ, ಕಲಿಯುವವರ ವಿಮಾನ. ತೂಕದ ಕೇಂದ್ರದಿಂದ ಬಾಲಕ್ಕೆ ಸುಮಾರು 75 ಸೆಂ.ಮೀ., ಮೋಟಾರಿಗೆ 25 ಸೆಂ.ಮೀ. ಅಂದರೆ ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂಗಿಗೆ 30 ಗ್ರಾಂ ಸೀಸ ಕಟ್ಟಬೇಕು. ಯಾವ ಕೆಲಸಕ್ಕೂ ಬಾರದ ಆ 40 ಗ್ರಾಂ ಹೊತ್ತು ವಿಮಾನ ಯಾಕೆ ಹಾರಬೇಕು?

ಕಟ್ಟಲು ಹಲಗೆಯಾಗಿ ಹಳೆಯ ಫ್ಲಶ್ ಡೋರ್ ಒಂದನ್ನು ಮಲಗಿಸಿ, ಮೇಲೆ ಗುಂಡುಸೂಜಿ ಇಳಿಯುವಂಥ ಸಾಫ್ಟ್ ಬೋರ್ಡ್ ಅಂಟಿಸಿದೆ. ಅದರ ಮೇಲೆ ನಕ್ಷೆ. ನಕ್ಷೆಗೆ ಅಂಟು ಹಿಡಿಯದಿರಲಿ ಎಂದು ಮಕ್ಕಳ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಸಿದೆ. ಈ ರೆಕ್ಕೆಯ ತಳ ಚಪ್ಪಟೆ. ಹಾಗಾಗಿ ಸ್ಪಾರನ್ನು (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿ) ನಕ್ಷೆಯ ಮೇಲೆ ಪಿನ್ ಮಾಡಿ, ಲೇಸರ್‌ನಲ್ಲಿ ಕತ್ತರಿಸಿದ ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು) ಸಾಲಾಗಿ ನಿಲ್ಲಿಸುತ್ತಾ ಹೋದರೆ ರೆಕ್ಕೆ ತಾನಾಗಿಯೇ ನೇರ ಬರುತ್ತದೆ. ಬೇಗ ಆಗುವ ಕೆಲಸ, ಖುಷಿಯ ಕೆಲಸ.

ಫ್ಯೂಸಲಾಜ್‌ಗೆ, ಅಂದರೆ ವಿಮಾನದ ಮೈಗೆ ಮಾತ್ರ ತಾಳ್ಮೆ ಬೇಕು. ಎಡ–ಬಲದ ಉದ್ದಕಡ್ಡಿಗಳ ಗಡಸುತನ ಬೇರೆ ಬೇರೆಯಾದರೆ ಇಡೀ ಮೈ ಒಂದು ಕಡೆಗೆ ಬಾಗುತ್ತದೆ. ಕಡ್ಡಿಯ ಒಂದು ತುದಿಯನ್ನು ಮೇಜಿನಂಚಿಗೆ ಒತ್ತಿಹಿಡಿದು, ಇನ್ನೊಂದು ತುದಿಗೆ ನಾಣ್ಯ ತೂಗುಬಿಟ್ಟು, ಎಷ್ಟು ಬಾಗುತ್ತದೆಂದು ಸ್ಕೇಲಿನಲ್ಲಿ ಅಳೆದೆ. ಒಂದೇ ಸಮ ಬಾಗಿದವನ್ನು ಜೋಡಿ ಮಾಡಿಕೊಂಡೆ. ಮೋಟಾರ್ ಕೂರುವ ಪ್ಲೈವುಡ್ ಫೈರ್‌ವಾಲ್‌ಗೂ ರೆಕ್ಕೆಯ ನಡುಜೋಡಣೆಗೂ ನಿಧಾನವಾಗಿ ಗಟ್ಟಿಯಾಗುವ 30 ನಿಮಿಷದ ಎಪಾಕ್ಸಿ, ದೊಡ್ಡ ಹಾಳೆಗಳಿಗೆ ಫೆವಿಕಾಲ್, ಉಳಿದ ಕಡೆ ತೆಳು ಸೂಪರ್ ಗ್ಲೂ. ಸೂಪರ್ ಗ್ಲೂ ಆವಿ ಕಣ್ಣು ಉರಿಸುತ್ತದೆ. ಕಿಟಕಿ ತೆರೆದಿಟ್ಟೇ ಕೂರಬೇಕು.

ನನ್ನ ಮಟ್ಟಿಗೆ ವಿಮಾನ ಹುಟ್ಟುವುದು ಮರಳು ಕಾಗದದಲ್ಲಿ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗೆ 180 ನಂಬರಿನ ಕಾಗದ ಅಂಟಿಸಿ ರೆಕ್ಕೆಯ ಮುಂಚೂಣಿ (ಮುಂದಿನ ಅಂಚು) ತಿದ್ದಿದೆ, ಆಮೇಲೆ 400ರಲ್ಲಿ ನುಣುಪು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ಸವರಿದರೆ ಎಲ್ಲಿ ಉಜ್ಜಬೇಕೆಂದು ಗೊತ್ತಾಗುತ್ತದೆ. ಮೈಸೂರಿನ ಬೀಟೆಮರದ ಇನ್‌ಲೇ ಕುಶಲಕರ್ಮಿಗಳು ಹಲಗೆಯ ಮೇಲೆ ಕೈಯಾಡಿಸುವುದನ್ನು ನೋಡಿದ್ದೆ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಹೊದಿಕೆಗೆ ಇಸ್ತ್ರಿಯಲ್ಲಿ ಅಂಟುವ ಪಾಲಿಯೆಸ್ಟರ್ ಫಿಲ್ಮ್. ಮಾಮೂಲಿ ಫಿಲ್ಮ್ ಚದರ ಮೀಟರಿಗೆ 60–70 ಗ್ರಾಂ ತೂಗುತ್ತದೆ, ಹಗುರ ಬಗೆಯದು ಸುಮಾರು 40. ರೆಕ್ಕೆಗೆ ಮೊದಲನೆಯದು, ಬಾಲಕ್ಕೆ ಎರಡನೆಯದು ಹಾಕಿದೆ. ಮೊದಲು ಮರದ ಧೂಳನ್ನು ಪೂರ್ತಿ ಒರೆಸಬೇಕು, ಒಂದು ಕಣ ಉಳಿದರೂ ಅಲ್ಲಿ ಗುಳ್ಳೆ. ಇಸ್ತ್ರಿಪೆಟ್ಟಿಗೆ ಸುಮಾರು 100 ಡಿಗ್ರಿಯಲ್ಲಿರುವಾಗ ಅಂಚುಗಳನ್ನಷ್ಟೇ ಅಂಟಿಸಿದೆ, ತಳಭಾಗ ಮೊದಲು, ಮೇಲ್ಭಾಗ ಆಮೇಲೆ. ಬಳಿಕ ಶಾಖ ಏರಿಸಿ ನಡುವಿನ ಸುಕ್ಕು ಬಿಗಿಸಬೇಕು. ಬಿಸಿ ತಾಗಿದ ಫಿಲ್ಮ್ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಆ ಬಿಗಿತಕ್ಕೆ ರೆಕ್ಕೆಯನ್ನೇ ತಿರುಚುವ ಶಕ್ತಿಯಿದೆ. ಹಾಗಾಗಿ ಪ್ರತಿ ಹಂತದಲ್ಲೂ ಹಿಂದಿನಿಂದ ಒಂದು ಕಣ್ಣಿಟ್ಟು ನೋಡಿ, ಸೊಟ್ಟ ಕಂಡರೆ ಎದುರು ದಿಕ್ಕಿಗೆ ತಿರುಚಿ ಹಿಡಿದು ಮತ್ತೆ ಬಿಸಿ ಮಾಡಬೇಕು. ಬಣ್ಣ ಮೇಲೆ ಹಳದಿ, ಕೆಳಗೆ ಕಡುಗೆಂಪು ಪಟ್ಟೆ. ನಮ್ಮ ಕಡೆಯ ಕಬ್ಬು, ಭತ್ತದ ಹಸಿರಿನ ಮೇಲೆ ಹಸಿರು ವಿಮಾನ ಕಣ್ಮರೆಯಾಗುತ್ತದೆ. ಜೊತೆಗೆ ಮೇಲು–ಕೆಳಗು ಒಂದೇ ಬಣ್ಣವಿದ್ದರೆ ದೂರದಲ್ಲಿ ವಿಮಾನ ಯಾವ ಕಡೆ ವಾಲಿದೆ ಎಂದೇ ತಿಳಿಯುವುದಿಲ್ಲ.

ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆ–ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಸರ್ವೋ ಮೋಟಾರ್‌ಗಳನ್ನು ಕೂರಿಸುವುದು ಒಂದು ಸಂಜೆಯ ಮಾತು. ಮೋಟಾರಿಗೆ ಎರಡು ಡಿಗ್ರಿಯಷ್ಟು ಬಲಕ್ಕೂ ಕೆಳಕ್ಕೂ ಓರೆ ಕೊಡುವುದನ್ನು ಮರೆಯಬಾರದು. 25 ಸೆಂ.ಮೀ. ಅಗಲದ ರೆಕ್ಕೆಗೆ ತೂಕದ ಕೇಂದ್ರ ಮುಂಚೂಣಿಯಿಂದ 65–75 ಮಿ.ಮೀ. ಒಳಗಿರಬೇಕು. ಬಾಲ ಹಗುರವಾಗಿದ್ದರಿಂದ 3 ಸೆಲ್, 2200 ಎಂಎಎಚ್ ಲಿಪೋ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿದ್ದಷ್ಟೇ, ಸೀಸ ಬೇಕಾಗಲಿಲ್ಲ. ಆ ಸಂತೋಷ ಕಟ್ಟಿದವರಿಗೇ ಗೊತ್ತು!

ಹಾರಿಸುವ ಜಾಗವನ್ನು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನೋಡಿಯೇ ಹೊರಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ತನಕ ನೆಲಮಟ್ಟದಿಂದಲೇ ಅನುಮತಿ ಬೇಕು. ಮಂಡಕಳ್ಳಿ ವಿಮಾನ ನಿಲ್ದಾಣದ ಆಸುಪಾಸಿನ ಮೈಸೂರಿನವರು ಇದನ್ನು ಗಮನಿಸಬೇಕು. ನಾನು ಆರಿಸಿಕೊಂಡದ್ದು ಮಂಡ್ಯದ ಹೊರಗೆ, ಬೇಸಿಗೆಯಲ್ಲಿ ಬತ್ತಿದ ಒಂದು ಕೆರೆಯಂಗಳ. ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಹೋಗಿ ರಿಮೋಟಿನ ಸಿಗ್ನಲ್ ದೂರದವರೆಗೂ ಸಿಗುತ್ತದೆಯೇ ಎಂಬ ರೇಂಜ್ ಪರೀಕ್ಷೆ ಮಾಡಿದೆ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಏಲಿರಾನ್ (ರೆಕ್ಕೆಯ ಹಿಂದಿನ ಅಂಚಿನ ಆಡುವ ಪಟ್ಟಿ) ಮೇಲೇಳುತ್ತದೆಯೇ ಎಂದು ನೋಡಿಕೊಂಡು ಥ್ರಾಟಲ್ ಕೊಟ್ಟೆ. ನೆಲ ಬಿಟ್ಟ ಮೇಲೆ ಬೇಕಾಗಿದ್ದು ಏಲಿರಾನ್‌ಗೆ ರಿಮೋಟಿನಲ್ಲಿ ಎರಡು ಕ್ಲಿಕ್ ಟ್ರಿಮ್, ಅಂದರೆ ಸಣ್ಣ ತಿದ್ದುಪಡಿ ಮಾತ್ರ.

ಇಳಿಸಿದ ಮೇಲೆ ಆ ಟ್ರಿಮ್ ಸೊನ್ನೆಗೆ ಬರುವಂತೆ ಏಲಿರಾನ್ ಕಡ್ಡಿಯ ಕೊಕ್ಕೆಯನ್ನು ತಿರುಗಿಸಿ ಸರಿಮಾಡಿದೆ, ಬ್ಯಾಟರಿ ಕೂತ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದೆ. ಮನೆಗೆ ಬಂದು ಲಿಪೋವನ್ನು ಸೆಲ್‌ಗೆ 3.8 ವೋಲ್ಟಿಗೆ ತಂದು ಎತ್ತಿಟ್ಟೆ. ಬಿಸಿಲಲ್ಲಿ ಕಾರಿನೊಳಗಿದ್ದು ರೆಕ್ಕೆಯ ತುದಿಯಲ್ಲಿ ಸಡಿಲವಾದ ಫಿಲ್ಮಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದೆ.