ಬ್ಲಾಕ್ ಆಮೇಲೆ, ಮೊದಲು ಸಾಕ್ಷಿ

ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಓಣಿಯ ಹುಡುಗಿಯೊಬ್ಬಳು ಫೋನ್ ಹಿಡಿದುಕೊಂಡು ಮನೆಗೆ ಬಂದಳು. ಡಿಗ್ರಿ ಎರಡನೇ ವರ್ಷ. ನಾಲ್ಕು ತಿಂಗಳಿಂದ ಒಬ್ಬ ಇನ್‌ಸ್ಟಾಗ್ರಾಂನಲ್ಲಿ ಬೆನ್ನು ಹತ್ತಿದ್ದ. ಒಂದು ಅಕೌಂಟ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ ಬರುತ್ತಿದ್ದ. ಇಲ್ಲಿ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಅವಳು ಎಷ್ಟು ಹೊತ್ತಿಗೆ ಬಸ್ ಇಳಿದಳು, ಯಾವ ಬಣ್ಣದ ಚೂಡಿದಾರ ಹಾಕಿದ್ದಳು, ಎಲ್ಲ ಬರೆದು ಕಳಿಸುತ್ತಿದ್ದ.

"ಎಲ್ಲಿ ತೋರ್ಸವ್ವಾ" ಅಂದೆ.

"ಎಲ್ಲಾ ಡಿಲೀಟ್ ಮಾಡೀನ್ರಿ ಅಕ್ಕಾರ. ಅಣ್ಣ ನೋಡಿದ್ರ ಫೋನ್ ಕಸ್ಕೋತಾನ."

ಉಳಿದದ್ದು ಮೂರೇ ಸ್ಕ್ರೀನ್‌ಶಾಟ್. ಮೂರನ್ನೂ ಗೆಳತಿಗೆ ಕಳಿಸಲು ಅಂತ ಸುತ್ತಲೂ ಕತ್ತರಿಸಿದ್ದಳು. ಕೆಟ್ಟ ಮಾತು ಕಾಣುತ್ತಿತ್ತು. ಯಾರು ಬರೆದರು, ಯಾವತ್ತು ಬರೆದರು ಅನ್ನುವುದು ಕಾಣುತ್ತಿರಲಿಲ್ಲ. ಇಂಥದ್ದನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಹೆದರಿದವರು ಮೊದಲು ಮಾಡುವ ಕೆಲಸವೇ ಡಿಲೀಟ್, ಎರಡನೆಯದು ಬ್ಲಾಕ್. ಎರಡನ್ನೂ ಸ್ವಲ್ಪ ತಡೆಯಿರಿ.

ಆದರೆ ಆತ ಮನೆ ಬಾಗಿಲಿಗೆ ಬಂದಿದ್ದರೆ ಅಥವಾ ಬರುತ್ತೇನೆ ಎಂದು ಹೆದರಿಸಿದ್ದರೆ ಈ ಲೇಖನ ಪಕ್ಕಕ್ಕಿಡಿ, 112ಕ್ಕೆ ಫೋನ್ ಮಾಡಿ.

ಮೊದಲ ಹೆಜ್ಜೆ: ಒಂದು ಸಲ ಬೇಡ ಅನ್ನಿ

"ನನಗೆ ಮೆಸೇಜ್ ಮಾಡಬೇಡಿ." ಇಷ್ಟೇ, ಒಂದೇ ಸಲ, ಬರವಣಿಗೆಯಲ್ಲಿ. ಬೈಗುಳ ಬೇಡ, ಕಾರಣ ಬೇಡ, ಸಾರಿ ಅಂತೂ ಬೇಡವೇ ಬೇಡ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸುವುದನ್ನು ಅಪರಾಧ ಅನ್ನುತ್ತದೆ. ಹೆಣ್ಣುಮಗಳು ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕ ಮಾಡುವುದು ಅದರಲ್ಲಿ ಬರುತ್ತದೆ. ಅದಕ್ಕೇ ಆ ಒಂದು ಸಾಲಿಗೆ ಅಷ್ಟು ಬೆಲೆ. ಆಕೆ ಇಂಟರ್ನೆಟ್‌ನಲ್ಲಿ ಏನು ಮಾಡುತ್ತಾಳೆ ಎಂದು ಕಣ್ಣಿಟ್ಟು ಕಾಯುವುದೂ ಅದೇ ಕಲಮಿನಲ್ಲಿದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು ಮತ್ತು ದಂಡ. ಆ ಸಾಲು ಕಳಿಸಿದ ಮೇಲೆ ಏನೇ ಬಂದರೂ ಉತ್ತರ ಕೊಡಬೇಡಿ.

ಎರಡನೇ ಹೆಜ್ಜೆ: ಸಾಕ್ಷಿ ಕೂಡಿಡಿ

ಎಲ್ಲರೂ ಎಡವುವುದು ಇಲ್ಲಿಯೇ. ನಿಧಾನವಾಗಿ ಓದಿ.

ಸ್ಕ್ರೀನ್‌ಶಾಟ್ ಪೂರ್ತಿ ಇರಲಿ. ಮೇಲಿನ ಗಡಿಯಾರ, ಬ್ಯಾಟರಿ ಗುರುತು ಸಮೇತ ಬರಲಿ. ಕತ್ತರಿಸಬೇಡಿ, ಗೀಟು ಎಳೆಯಬೇಡಿ, ಮೇಲೆ ಸ್ಟಿಕ್ಕರ್ ಹಾಕಬೇಡಿ. ಚಾಟ್‌ನಲ್ಲಿ ತಾರೀಖು ಕಾಣುವವರೆಗೆ ಮೇಲಕ್ಕೆ ಸರಿಸಿ, ಅಲ್ಲಿಂದ ಒಂದೊಂದೇ ಪರದೆ ತೆಗೆಯುತ್ತ ಕೆಳಗೆ ಬನ್ನಿ. ಹಿಂದಿನ ಚಿತ್ರದ ಕೊನೆಯ ಮೆಸೇಜ್ ಮುಂದಿನ ಚಿತ್ರದ ಮೊದಲಲ್ಲಿ ಬಂದರೆ ನಡುವೆ ಏನೂ ಬಿಟ್ಟಿಲ್ಲ ಅಂತ ಗೊತ್ತಾಗುತ್ತದೆ.

ವಾಟ್ಸ್ಆ್ಯಪ್ ಆದರೆ ನಂಬರ್ ಕಾಣಬೇಕು. ಬಹಳ ಮಂದಿ ಅಂಥವನ ನಂಬರನ್ನು "ಹುಚ್ಚ", "ಎತ್ತಬೇಡ" ಅಂತ ಸೇವ್ ಮಾಡಿರುತ್ತಾರೆ. ಆಗ ಸ್ಕ್ರೀನ್‌ಶಾಟ್‌ನಲ್ಲಿ ಆ ಹೆಸರು ಮಾತ್ರ ಬರುತ್ತದೆ, ಅದು ಯಾರೂ ಆಗಿರಬಹುದಲ್ವಾ? ಹೆಸರಿನ ಮೇಲೆ ಒತ್ತಿದರೆ ನಂಬರ್ ತೋರಿಸುವ ಪುಟ ಬರುತ್ತದೆ. ಅದನ್ನೂ ತೆಗೆಯಿರಿ. ನಂತರ ಮೂರು ಚುಕ್ಕಿ ಒತ್ತಿ, ಎಕ್ಸ್‌ಪೋರ್ಟ್ ಚಾಟ್ ಕೊಟ್ಟು ಇಡೀ ಮಾತುಕತೆಯನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ತಡ ಮಾಡಬೇಡಿ. ಕಳಿಸಿದವನು ಎರಡು ದಿನಕ್ಕೂ ಸ್ವಲ್ಪ ಜಾಸ್ತಿ ಹೊತ್ತು ತನ್ನ ಮೆಸೇಜನ್ನು ನಿಮ್ಮ ಫೋನಿನಿಂದಲೂ ಅಳಿಸಬಹುದು. ರಾತ್ರಿ ಬಂದದ್ದನ್ನು ಬೆಳಿಗ್ಗೆ ನೋಡೋಣ ಅಂತ ಬಿಟ್ಟು, ಬೆಳಿಗ್ಗೆ ಎದ್ದಾಗ ಏನೂ ಇಲ್ಲದೆ ಅತ್ತವರನ್ನು ಕಂಡಿದ್ದೇನೆ.

ಇನ್‌ಸ್ಟಾಗ್ರಾಂ ಆದರೆ ದಪ್ಪ ಅಕ್ಷರದ ಹೆಸರು ಸಾಲದು. ಅದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ಪ್ರೊಫೈಲ್‌ಗೆ ಹೋಗಿ ಯೂಸರ್‌ನೇಮ್ ಒಂದೊಂದೇ ಅಕ್ಷರ ನೋಡಿ ಬರೆದುಕೊಳ್ಳಿ. ಚುಕ್ಕಿ, ಅಡಿಗೆರೆ, ಸೊನ್ನೆ, ಒಂದನ್ನೂ ಬಿಡಬೇಡಿ. ಪ್ರೊಫೈಲ್ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ. 'ಅಬೌಟ್ ದಿಸ್ ಅಕೌಂಟ್' ಕಂಡರೆ ಅದನ್ನೂ ತೆಗೆಯಿರಿ, ಅಕೌಂಟ್ ಯಾವ ತಿಂಗಳು ಶುರುವಾಯಿತು ಎಂದು ಅಲ್ಲಿರುತ್ತದೆ.

ಒಂದೇ ಸಲ ನೋಡಲು ಬರುವ ಫೋಟೊ ಕಳಿಸಿದ್ದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ. ತೆರೆಯುವ ಮೊದಲೇ ಅವ್ವನನ್ನೋ ಗೆಳತಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು, ಅವರ ಫೋನಿನಿಂದ ನಿಮ್ಮ ಪರದೆಯ ಫೋಟೊ ತೆಗೆಸಿ.

ಇನ್ನು ಒಂದು ನೋಟ್‌ಬುಕ್. ಇಪ್ಪತ್ತು ರೂಪಾಯಿಯ ಸಣ್ಣದು ಸಾಕು. ತಾರೀಖು, ಹೊತ್ತು, ಯಾವ ಅಕೌಂಟ್ ಅಥವಾ ನಂಬರ್, ಏನು ಬಂತು, ಆಗ ನೀವು ಎಲ್ಲಿದ್ದಿರಿ. ನಾನು ಇದನ್ನು ಕೈಯಲ್ಲೇ ಬರೆಯಿರಿ ಅನ್ನುತ್ತೇನೆ. ಫೋನ್ ಕೆಟ್ಟರೂ ಕಸಿದುಕೊಂಡರೂ ಇದು ಉಳಿಯುತ್ತದೆ.

ಕೇಸ್ ಮುಗಿಯುವವರೆಗೆ ಆ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಕೋರ್ಟಿಗೆ ಡಿಜಿಟಲ್ ಸಾಕ್ಷಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಫೋನ್ ಕೈಲಿದ್ದರೆ ಅದು ಸುಲಭ.

ಇಷ್ಟೆಲ್ಲ ಮಾಡುವಾಗ ಆತ ಮೆಸೇಜ್ ಕಳಿಸುತ್ತಲೇ ಇರುತ್ತಾನೆ, ನೋಡಿದರೆ ಮೈ ಉರಿಯುತ್ತದೆ. ಅದಕ್ಕೆ ಇನ್‌ಸ್ಟಾಗ್ರಾಂನಲ್ಲಿ 'ರಿಸ್ಟ್ರಿಕ್ಟ್' ಇದೆ. ಮೆಸೇಜ್ ಬೇರೆ ಕಡೆ ಬಿದ್ದಿರುತ್ತದೆ, ನೀವು ಓದಿದ್ದು ಅವನಿಗೆ ಗೊತ್ತಾಗುವುದಿಲ್ಲ, ರಿಸ್ಟ್ರಿಕ್ಟ್ ಮಾಡಿದ ಸುದ್ದಿಯೂ ಹೋಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ದಿನಕ್ಕೆ ಒಂದು ಸಲ, ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ನೋಡಿದರೆ ಸಾಕು.

"ನಿಮ್ಮ ಪ್ರೊಫೈಲ್ ಯಾರು ನೋಡಿದರು ತೋರಿಸುತ್ತೇವೆ" ಅನ್ನುವ ಆ್ಯಪ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಇನ್‌ಸ್ಟಾಗ್ರಾಂ ಆ ಮಾಹಿತಿಯನ್ನು ಯಾರಿಗೂ ಕೊಡುವುದಿಲ್ಲ. ಪಾಸ್‌ವರ್ಡ್ ಕೇಳುವುದೇ ಅವುಗಳ ಕೆಲಸ. ದುಡ್ಡು ಕೊಟ್ಟರೆ ಅವನ ಅಕೌಂಟ್ ಹ್ಯಾಕ್ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರವೂ ಹೋಗಬೇಡಿ. ಅದು ನಿಮ್ಮ ಮೇಲೇ ಕೇಸ್ ಆಗುವ ಕೆಲಸ.

ಮೂರನೇ ಹೆಜ್ಜೆ: ಬಾಗಿಲು ಹಾಕಿ

ನಮ್ಮ ಕಡೆ ಹೊಸ ಫೋನ್ ತಗೊಂಡಾಗ ಅಂಗಡಿಯವರೇ ಜಿಮೇಲ್ ಮಾಡಿ ಪಾಸ್‌ವರ್ಡ್ ಡಬ್ಬಿ ಮೇಲೆ ಬರೆದು ಕೊಡುತ್ತಾರೆ. ವರ್ಷಗಟ್ಟಲೆ ಅದೇ ಇರುತ್ತದೆ. ಇವತ್ತೇ ಬದಲಿಸಿ. ಗೂಗಲ್ ಅಕೌಂಟ್‌ನ ಸೆಕ್ಯುರಿಟಿಯಲ್ಲಿ 'ಯುವರ್ ಡಿವೈಸಸ್' ನೋಡಿ, ಗೊತ್ತಿಲ್ಲದ ಫೋನ್ ಇದ್ದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಸೈನ್ ಔಟ್. ಗೂಗಲ್ ಮ್ಯಾಪ್‌ನ ಲೊಕೇಶನ್ ಶೇರಿಂಗ್‌ನಲ್ಲಿ ಯಾರ ಹೆಸರಿದೆ ನೋಡಿ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಕೂಡ ಹಾಗೆಯೇ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು, ಹಾಗೇ ಬಿಟ್ಟು ಬಂದವರು ಲೆಕ್ಕವಿಲ್ಲದಷ್ಟು. ವಾಟ್ಸ್ಆ್ಯಪ್‌ಗೆ ಆರು ಅಂಕಿಯ ಟು-ಸ್ಟೆಪ್ ಪಿನ್ ಹಾಕಿ. ಅಂಗಡಿಗೆ ಆಧಾರ್ ಕಳಿಸಲೇಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ.

ಇನ್‌ಸ್ಟಾಗ್ರಾಂ ಪ್ರೈವೇಟ್ ಮಾಡಿ, ಗೊತ್ತಿಲ್ಲದ ಫಾಲೋವರ್‌ಗಳನ್ನು ತೆಗೆಯಿರಿ. ಶರಣಬಸವೇಶ್ವರ ಜಾತ್ರೆಗೆ ಹೋದಾಗ ತೇರಿನ ಮುಂದೆ ನಿಂತೇ ಸ್ಟೋರಿ ಹಾಕಬೇಡಿ, ಮನೆಗೆ ಬಂದ ಮೇಲೆ ಹಾಕಿ. ಫೋಟೊದಲ್ಲಿ ಕಾಲೇಜಿನ ಐಡಿ ಕಾರ್ಡ್, ಮನೆ ನಂಬರ್, ಗಾಡಿ ನಂಬರ್ ಬೇಡ.

ನಾಲ್ಕನೇ ಹೆಜ್ಜೆ: ದೂರು ಕೊಡಿ

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಬಹುದು. ನನ್ನ ಕೇಳಿದರೆ ಕಲಬುರಗಿಯ ಸೆನ್ ಠಾಣೆಗೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ನೇರವಾಗಿ ಹೋಗಿ, ಒಬ್ಬರನ್ನು ಜೊತೆಗೆ ಕರೆದುಕೊಂಡು. ಬೀದರ್, ಯಾದಗಿರಿಯಲ್ಲೂ ಸೆನ್ ಠಾಣೆ ಇದೆ. ಹತ್ತಿರದ ಯಾವ ಠಾಣೆಗೆ ಹೋದರೂ "ಇದು ನಮ್ಮ ಹದ್ದಿಗೆ ಬರಲ್ಲ" ಎಂದು ಕಳಿಸುವಂತಿಲ್ಲ. ಝೀರೋ ಎಫ್‌ಐಆರ್, ಅಂದರೆ ಹದ್ದು ನೋಡದೆ ದಾಖಲಿಸುವ ದೂರು, ಬರೆದುಕೊಳ್ಳಬೇಕು ಅಂತ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಪೋಕ್ಸೋ ಕಾಯ್ದೆ ಬರುತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಖಾಸಗಿ ಫೋಟೊ ಹರಿಬಿಡುತ್ತೇನೆ ಎಂದು ಹೆದರಿಸಿದರೆ ಸ್ಟಾಪ್‌ಎನ್‌ಸಿಐಐ ಎಂಬ ಜಾಲತಾಣ ಇದೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅಂಥ ಫೋಟೊ ಅಲ್ಲಿ ಬಂದರೆ ತಡೆಯಲು ಅವರಿಗೆ ದಾರಿಯಾಗುತ್ತದೆ.

ಮನೆಯ ಹಿರಿಯರಿಗೆ ಒಂದು ಮಾತು. ಮಗಳು ಇದನ್ನು ಹೇಳಿದ ದಿನ ಫೋನ್ ಕಸಿದುಕೊಳ್ಳಬೇಡಿ, ಕಾಲೇಜು ಬಿಡಿಸಬೇಡಿ. ಆ ಹೆದರಿಕೆಗೇ ಅವರು ಎಲ್ಲ ಅಳಿಸಿ ಹಾಕುತ್ತಾರೆ, ಸಾಕ್ಷಿ ಹೋಗುತ್ತದೆ, ಅವನು ಉಳಿಯುತ್ತಾನೆ.

ಕೊನೆಯದು: ಈಗ ಬ್ಲಾಕ್ ಮಾಡಿ

ದೂರಿನ ನಂಬರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಮೊದಲು ರಿಪೋರ್ಟ್, ಆಮೇಲೆ ಬ್ಲಾಕ್. ಇನ್‌ಸ್ಟಾಗ್ರಾಂ ಬ್ಲಾಕ್ ಮಾಡುವಾಗ ಅವನ ಬೇರೆ ಅಕೌಂಟ್‌ಗಳನ್ನೂ ಸೇರಿಸಬೇಕೇ ಎಂದು ಕೇಳುತ್ತದೆ, ಅದನ್ನೇ ಆರಿಸಿ. ಚಾಟ್ ಮಾತ್ರ ಅಳಿಸಬೇಡಿ.

ನಮ್ಮ ಓಣಿಯ ಹುಡುಗಿಗೆ ಹತ್ತು ದಿನ ಬಿಟ್ಟು ಮತ್ತೆ ಹೊಸ ಅಕೌಂಟಿನಿಂದ ಮೆಸೇಜ್ ಬಂತು. ಈ ಸಲ ಓಡಿ ಬಂದವಳ ಕೈಯಲ್ಲಿ ನೋಟ್‌ಬುಕ್ ಇತ್ತು. ಜೊತೆಗೆ ಅವಳ ಅಣ್ಣನೂ ಇದ್ದ.