ಪರಿಷತ್ತಿನ ಮತವನ್ನು ಚಾಕ್ ಡಬ್ಬಿಗಳಲ್ಲಿ ಎಣಿಸಿದ್ದು

2018ರ ಜೂನ್ 8ರಂದು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಮತದಾನವಿತ್ತು. ನಾನು ಹೊಳಲ್ಕೆರೆಯಲ್ಲಿ ಮತ ಹಾಕಿ ಹೊರಗೆ ನಿಂತಿದ್ದೆ. ನನ್ನ ಹಿಂದೆಯೇ ಬಂದ ಹಿರಿಯ ಶಿಕ್ಷಕರೊಬ್ಬರು, "ಮುಗಿಯಿತು ಮೇಡಂ, ನಮ್ಮವರ ಹೆಸರಿನ ಮುಂದೆ ರೈಟ್ ಹಾಕಿ ಬಂದೆ" ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆ ಮತಪತ್ರದಲ್ಲಿ ರೈಟ್ ಗುರುತಿಗೆ ಬೆಲೆಯಿಲ್ಲ. ಅಭ್ಯರ್ಥಿಯ ಹೆಸರಿನ ಮುಂದೆ 1 ಎಂಬ ಅಂಕಿ ಬರೆಯದಿದ್ದರೆ ಮತ ಅಸಿಂಧು. ಇಡೀ ವೃತ್ತಿಜೀವನ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನ ಮತ ಅಂದು ಕಸದ ಲೆಕ್ಕಕ್ಕೆ ಹೋಯಿತು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಶಾಸಕಾಂಗದ ಪಾಠವನ್ನು ನಾನೂ ಅಂಕಿಗಳ ಪಟ್ಟಿಯಂತೆ ಓದಿಸಿ ಮುಗಿಸುತ್ತಿದ್ದವಳೇ. ವಿಧಾನಸಭೆ 224, ವಿಧಾನ ಪರಿಷತ್ತು 75, ಬರೆದುಕೊಳ್ಳಿ, ಮುಂದಿನ ಪಾಠ. ಆ ದಿನದಿಂದ ಹಾಗೆ ಮಾಡುವುದನ್ನು ಬಿಟ್ಟೆ.

ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಈ ಪಾಠ ಮಾಡುವ ಮೊದಲು ಈಗ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ: ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಬಗೆಯ ಮತವಿದೆ, ಕೇಳಿ ಬರೆದುಕೊಂಡು ಬನ್ನಿ.

ವಿಧಾನಸಭೆಯ ಮತ ಸುಲಭ. ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಆರು ಕ್ಷೇತ್ರಗಳಿವೆ. ಮೊಳಕಾಲ್ಮೂರು ಮತ್ತು ಚಳ್ಳಕೆರೆ ಪರಿಶಿಷ್ಟ ಪಂಗಡಕ್ಕೆ, ನಮ್ಮ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಸಾಮಾನ್ಯ. ರಾಜ್ಯದ 224ರಲ್ಲಿ ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15 ಸ್ಥಾನಗಳು ಮೀಸಲಾಗಿವೆ. "ಹಾಗಾದರೆ ಇಲ್ಲಿ ಬೇರೆ ಜಾತಿಯವರು ಓಟು ಹಾಕುವಂತಿಲ್ಲವೇ ಮೇಡಂ?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಮೀಸಲಾತಿ ಇರುವುದು ನಿಲ್ಲುವವರಿಗೆ, ಹಾಕುವವರಿಗಲ್ಲ. ಇದನ್ನು ಮಕ್ಕಳು ಮನೆಗೆ ಹೋಗಿ ದೊಡ್ಡವರಿಗೂ ಹೇಳಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಹುಟ್ಟುವುದು ಮನೆಯಲ್ಲೇ.

ಪರಿಷತ್ತಿನ ಮತದ ವಿಷಯಕ್ಕೆ ಬಂದಾಗ ಪಾಠಕ್ಕೆ ಜೀವ ಬರುತ್ತದೆ. ಈ ಸಲ ಒಬ್ಬ ಹುಡುಗಿಯ ಪಟ್ಟಿಯನ್ನು ನೋಡಿ ನನಗೇ ಸಂತೋಷವಾಯಿತು. ಅವಳ ಅಜ್ಜಿ ಓದಿದ್ದು ನಾಲ್ಕನೇ ತರಗತಿಯವರೆಗೆ. 2020ರ ಕೊನೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾದವರು. 2021ರ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಚುನಾವಣೆಯಲ್ಲಿ ಮತ ಹಾಕಿದ್ದರು. "ನೇರಳೆ ಬಣ್ಣದ ಪೆನ್ನು ಕೊಟ್ಟರು, ಒಂದು ಎಂದು ಅಂಕಿ ಬರೆದೆ" ಎಂದು ಮೊಮ್ಮಗಳಿಗೆ ಹೇಳಿದ್ದರಂತೆ. ಅದೇ ಮನೆಯಲ್ಲಿ ಬಿ.ಎ. ಮುಗಿಸಿದ ಅಣ್ಣನಿದ್ದಾನೆ. ಅವನಿಗೆ ಪರಿಷತ್ತಿನ ಮತವಿಲ್ಲ. ಪದವೀಧರರ ಕ್ಷೇತ್ರದ ಮತದಾರನಾಗಲು ಪದವಿ ಪಡೆದು ಮೂರು ವರ್ಷ ಕಳೆದಿರಬೇಕು. ಅವನು ಹೋದ ವರ್ಷವಷ್ಟೇ ಮುಗಿಸಿದ್ದಾನೆ. ಮೂರು ವರ್ಷ ತುಂಬಿದರೂ ಹೆಸರು ತಾನಾಗಿ ಸೇರುವುದಿಲ್ಲ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ತುಂಬಿ ಕೊಡಬೇಕು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ಮಾಡುತ್ತಾರೆ, ಹಿಂದಿನ ಪಟ್ಟಿಯಲ್ಲಿ ಹೆಸರಿತ್ತೆಂದು ಕೈಕಟ್ಟಿ ಕೂರುವಂತಿಲ್ಲ. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು. ಆದ್ದರಿಂದ ಪಕ್ಕದ ಕಟ್ಟಡದಲ್ಲಿರುವ ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ಈ ಮತವಿಲ್ಲ. ಇದು ನ್ಯಾಯವಲ್ಲ ಎಂದು ನನ್ನ ಅನಿಸಿಕೆ, ಅದನ್ನು ಮಕ್ಕಳ ಮುಂದೆ ಮುಚ್ಚಿಡುವುದಿಲ್ಲ.

ಆಮೇಲೆ ಕಪ್ಪುಹಲಗೆಯ ಮೇಲೆ 75 ಬರೆಯುತ್ತೇನೆ. ಶಾಸಕರು ಆರಿಸುವವರು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರು ನಾಮಕರಣ ಮಾಡುವವರು 11. ಗಣಿತದಲ್ಲಿ ಚುರುಕಾದ ಒಬ್ಬ ಹುಡುಗ ಎದ್ದು ನಿಂತ. "ಪುಸ್ತಕದಲ್ಲಿ ಹನ್ನೆರಡನೇ ಒಂದು ಭಾಗ ಎಂದಿದೆ. 75ರ ಹನ್ನೆರಡನೇ ಒಂದು ಭಾಗ ಆರೂಕಾಲು. ಏಳು ಹೇಗಾಯಿತು?" ಇಂಥ ಪ್ರಶ್ನೆಗಾಗಿಯೇ ನಾನು ಕಾದಿರುತ್ತೇನೆ. ಸಂವಿಧಾನದ 171ನೇ ವಿಧಿ ಈ ಭಾಗಗಳನ್ನು ಸಾಧ್ಯವಾದಷ್ಟು ಸಮೀಪದ ಲೆಕ್ಕವಾಗಿ ಹೇಳುತ್ತದೆ. ನಾಮಕರಣಕ್ಕೆ ಮಾತ್ರ ಭಾಗವನ್ನೇ ಹೇಳದೆ, ಉಳಿದ ಸ್ಥಾನಗಳು ಎನ್ನುತ್ತದೆ. ನಾಮಕರಣಕ್ಕೆ ಆರನೇ ಒಂದು ಭಾಗ ಎಂದು ಹೇಳುವುದಿದೆಯಲ್ಲ, ಅದು ಕಳೆದು ತೆಗೆದ ಲೆಕ್ಕ. ನಮ್ಮಲ್ಲಿ 64 ಕಳೆದರೆ ಉಳಿಯುವುದು 11.

ಇನ್ನು ಎಣಿಕೆ. ಪರಿಷತ್ತಿನ ಮತಪತ್ರದಲ್ಲಿ ಅಭ್ಯರ್ಥಿಗಳ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುತ್ತೇವೆ, ಆ ಕ್ರಮಕ್ಕೇ ಪ್ರಾಶಸ್ತ್ಯ ಎನ್ನುತ್ತಾರೆ. ಇದನ್ನು ಬಾಯಿಮಾತಿನಲ್ಲಿ ಕಲಿಸಲು ಸಾಧ್ಯವೇ ಇಲ್ಲ, ಕೈಯಿಂದ ಮಾಡಿಸಬೇಕು. ಮೊದಲ ವರ್ಷ ಮಕ್ಕಳನ್ನೇ ಅಭ್ಯರ್ಥಿಗಳನ್ನಾಗಿ ನಿಲ್ಲಿಸಿ ಕೆಟ್ಟೆ. ಗೆಳೆಯನಿಗೆ 1 ಕೊಟ್ಟವರು ಇನ್ನೊಬ್ಬರಿಗೆ 2 ಕೊಡಲು ಒಪ್ಪಲಿಲ್ಲ. ಸೋತ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಅದು ನನ್ನ ತಪ್ಪು. ಆಗಿನಿಂದ ಅಭ್ಯರ್ಥಿಗಳು ಊರುಗಳು. ಶಾಲಾ ಪ್ರವಾಸಕ್ಕೆ ಎಲ್ಲಿಗೆ ಹೋಗೋಣ? ಮಾರಿಕಣಿವೆ, ಸೂಳೆಕೆರೆ, ಚಂದ್ರವಳ್ಳಿ, ಜೋಗಿಮಟ್ಟಿ. ಗೆದ್ದ ಜಾಗಕ್ಕೇ ಹೋಗುವುದೆಂದು ಮುಖ್ಯ ಶಿಕ್ಷಕರಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ. ಪಣ ನಿಜವಾಗಿದ್ದರೆ ಮಾತ್ರ ಮಕ್ಕಳು ಎರಡನೇ, ಮೂರನೇ ಪ್ರಾಶಸ್ತ್ಯವನ್ನು ಯೋಚಿಸಿ ಬರೆಯುತ್ತಾರೆ.

47 ಮಕ್ಕಳು ನೇರಳೆ ಸ್ಕೆಚ್ ಪೆನ್ನಿನಲ್ಲಿ ಅಂಕಿ ಬರೆದು, ಚೀಟಿ ಮಡಚಿ ಹಾಕಿದರು. ಎಲ್ಲವನ್ನೂ ಸುರಿದು ಬೆರೆಸಿ, ಖಾಲಿ ಚಾಕ್ ಡಬ್ಬಿಗಳಿಗೆ ವಿಂಗಡಿಸಿದೆವು. ಮೂರು ಅಸಿಂಧು, ಉಳಿದವು 44. ಒಂದೇ ಸ್ಥಾನವಿದ್ದಾಗ ಸಿಂಧು ಮತಗಳ ಅರ್ಧಕ್ಕೆ ಒಂದು ಸೇರಿಸಬೇಕು. ಗೆಲ್ಲಲು ಬೇಕಾದದ್ದು 23.

ಮೊದಲ ಪ್ರಾಶಸ್ತ್ಯದಲ್ಲಿ ಮಾರಿಕಣಿವೆಗೆ 17, ಸೂಳೆಕೆರೆಗೆ 13, ಚಂದ್ರವಳ್ಳಿಗೆ 8, ಜೋಗಿಮಟ್ಟಿಗೆ 6. ಮಾರಿಕಣಿವೆಯ ಹುಡುಗರು ಆಗಲೇ ಕೂಗು ಹಾಕಿದರು. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ಅಪ್ಪನ ಮೊಬೈಲ್‌ನಲ್ಲಿ ನೋಡಿದ ಮಕ್ಕಳಿಗೆ ಆ ಹೆಸರು ಕೇಳಿದರೇ ಸಂಭ್ರಮ. ವಿಧಾನಸಭೆಯ ಲೆಕ್ಕವಾಗಿದ್ದರೆ ಚುನಾವಣೆ ಅಲ್ಲಿಗೇ ಮುಗಿಯುತ್ತಿತ್ತು, ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆದ್ದಂತೆ. ಆದರೆ 23 ಯಾರಿಗೂ ಸಿಕ್ಕಿರಲಿಲ್ಲ. ಕೊನೆಯಲ್ಲಿದ್ದ ಜೋಗಿಮಟ್ಟಿಯನ್ನು ಕೈಬಿಟ್ಟು ಅದರ ಆರು ಚೀಟಿಗಳನ್ನು ತೆರೆದೆವು. ಎರಡನೇ ಪ್ರಾಶಸ್ತ್ಯ ನಾಲ್ಕರಲ್ಲಿ ಚಂದ್ರವಳ್ಳಿಗೆ, ಒಂದರಲ್ಲಿ ಸೂಳೆಕೆರೆಗೆ ಇತ್ತು. ಒಂದು ಚೀಟಿಯಲ್ಲಿ 1 ಬಿಟ್ಟು ಬೇರೇನೂ ಇರಲಿಲ್ಲ, ಅದರ ಓಟ ಅಲ್ಲಿಗೆ ನಿಂತಿತು. ಈಗ 17, 14, 12. ಮುಂದೆ ಚಂದ್ರವಳ್ಳಿಯ ಸರದಿ. ಅದರ ಹನ್ನೆರಡು ಚೀಟಿಗಳಲ್ಲಿ ಒಂಬತ್ತು ಸೂಳೆಕೆರೆಯ ಡಬ್ಬಿಗೆ, ಎರಡು ಮಾರಿಕಣಿವೆಗೆ ಹೋದವು, ಇನ್ನೊಂದರಲ್ಲಿ ಮುಂದಿನ ಅಂಕಿ ಇರಲಿಲ್ಲ. ಸೂಳೆಕೆರೆ 23, ಮಾರಿಕಣಿವೆ 19.

ತರಗತಿ ಒಂದು ಕ್ಷಣ ಸುಮ್ಮನಾಯಿತು. "ಮೊದಲು ಬಂದದ್ದು ಮಾರಿಕಣಿವೆ. ಇದು ಮೋಸವಲ್ಲವೇ?" ಎಂದು ಒಬ್ಬ ಕೇಳಿದ. ನಾನು ಉತ್ತರಿಸಲಿಲ್ಲ, ಅಜ್ಜಿಯ ಕಥೆ ತಂದಿದ್ದ ಹುಡುಗಿ ಉತ್ತರಿಸಿದಳು: "44 ಜನರಲ್ಲಿ 27 ಜನ ಮಾರಿಕಣಿವೆ ಮೊದಲು ಬೇಕು ಎನ್ನಲಿಲ್ಲವಲ್ಲ." ಹಾಗೆಂದು ವಿಧಾನಸಭೆಯ ಪದ್ಧತಿ ತಪ್ಪೆಂದು ನಾನು ಕಲಿಸುವುದಿಲ್ಲ. ಎರಡು ಸದನಕ್ಕೆ ಎರಡು ಬಗೆಯ ಎಣಿಕೆ ಇದೆ, ಎಣಿಕೆ ಬದಲಾದರೆ ಗೆಲ್ಲುವವರೂ ಬದಲಾಗಬಹುದು ಎಂಬುದು ಅವರ ಕೈಗೆ ಗೊತ್ತಾದರೆ ನನಗೆ ಸಾಕು.

ಶಾಸಕರು ಆರಿಸುವ 25 ಸ್ಥಾನಗಳ ಎಣಿಕೆಯನ್ನು ಮಾಡಿಸಿ ನೋಡಿ ಕೈಬಿಟ್ಟೆ. ಗೆದ್ದವರ ಹೆಚ್ಚುವರಿ ಮತಗಳನ್ನು ಉಳಿದವರಿಗೆ ಹಂಚುವ ಮೌಲ್ಯದ ಲೆಕ್ಕ ಈ ವಯಸ್ಸಿಗೆ ಭಾರ. ಗೆಲುವಿನ ಗೆರೆಯನ್ನು ಮಾತ್ರ ಹಾಕಿಸುತ್ತೇನೆ. 2024ರ ಜೂನ್‌ನಲ್ಲಿ 11 ಸ್ಥಾನಗಳಿದ್ದವು. ಸ್ಥಾನಗಳಿಗೆ ಒಂದು ಸೇರಿಸಿ, 224ನ್ನು 12ರಿಂದ ಭಾಗಿಸಿದರೆ ಹದಿನೆಂಟೂವರೆ ದಾಟುತ್ತದೆ, ಅಂದರೆ ಒಬ್ಬರಿಗೆ 19 ಶಾಸಕರು ಬೇಕು. ಯಾರ ಬಳಿ ಎಷ್ಟು ಶಾಸಕರಿದ್ದಾರೆಂಬುದು ಎಲ್ಲರಿಗೂ ಗೊತ್ತಿರುವಾಗ ಹೆಚ್ಚು ಮಂದಿ ನಿಲ್ಲುವುದಿಲ್ಲ. ಆ ಸಲ ಹನ್ನೊಂದೂ ಮಂದಿ ಅವಿರೋಧವಾಗಿ ಆಯ್ಕೆಯಾದರು.

ಸೀಬಾರದ ಸ್ಮಾರಕವನ್ನು ಬಸ್ಸಿನಿಂದ ನೋಡಿರುವ ಮಕ್ಕಳಿಗೆ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಕಥೆಯನ್ನೂ ಹೇಳುತ್ತೇನೆ. 1962ರಲ್ಲಿ ಅವರು ಇದೇ ಜಿಲ್ಲೆಯ ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದು ಮತ್ತೆ ಆ ಸ್ಥಾನದಲ್ಲಿ ಕುಳಿತರು. ಸದನದ ಸದಸ್ಯರಲ್ಲದವರು ಮಂತ್ರಿಯಾಗಿ ಆರು ತಿಂಗಳಿಗಿಂತ ಹೆಚ್ಚು ಉಳಿಯುವಂತಿಲ್ಲ ಎಂಬ ನಿಯಮವನ್ನು ಹೇಳಲು ಇದಕ್ಕಿಂತ ಹತ್ತಿರದ ಕಥೆ ನಮ್ಮ ಜಿಲ್ಲೆಗೆ ಇನ್ನೊಂದಿಲ್ಲ.

ಆ ಮೂರು ಅಸಿಂಧು ಚೀಟಿಗಳನ್ನು ಎತ್ತಿಟ್ಟುಕೊಂಡಿದ್ದೇನೆ. ಒಂದರಲ್ಲಿ ಅಂಕಿಯ ಬದಲು ಅಕ್ಷರದಲ್ಲಿ 'ಒಂದು' ಎಂದಿದೆ. ಇನ್ನೊಂದರಲ್ಲಿ ಮಗು ತನ್ನ ಸಹಿ ಹಾಕಿದೆ. ಮೂರನೆಯದರಲ್ಲಿ ಮಾರಿಕಣಿವೆಯ ಮುಂದೆ ಅಚ್ಚುಕಟ್ಟಾದ ರೈಟ್ ಗುರುತು. ಶಿಕ್ಷಕರ ಕ್ಷೇತ್ರಕ್ಕೆ ಮತ್ತೆ ಪಟ್ಟಿ ಮಾಡುವಾಗ ನಮೂನೆ 19ರ ಜೊತೆಗೆ ಈ ಮೂರನ್ನೂ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಇಡುತ್ತೇನೆ.