ತಾತನ ರಿವಾಲ್ವರ್‌ಗೆ ಮತ್ತೆ ಬಣ್ಣ ಹಾಕಿಸಿದ್ದು

ಇದು ದುಡ್ಡಿನ ಲೆಕ್ಕ ಹಾಕಿ ಮಾಡಿಸಿದ ಕೆಲಸ ಅಲ್ಲ. ನಮ್ಮ ಮನೆಯ ವೆಬ್ಲಿ ರಿವಾಲ್ವರನ್ನು ಮಾರುವ ಯೋಚನೆ ನನಗಿಲ್ಲ. ಗುರಿ ಹೊಡೆಯುವ ಹುಚ್ಚೂ ಇಲ್ಲ. ಆಗಾಗ ಕೈಗೆತ್ತಿಕೊಂಡು, ಒರೆಸಿ, ನೋಡಿ ಖುಷಿಪಡೋಣ ಅಂತ ಮಾಡಿಸಿದೆ, ಅಷ್ಟೆ.

ಗುಬ್ಬಿ ಕಡೆ ನಮ್ಮದು ತೆಂಗು, ಅಡಿಕೆ ತೋಟ. ತಾತ ಅಡಿಕೆ ಮಾರಿದ ದುಡ್ಡು ತರುವಾಗ ಜೊತೆಗಿರಲಿ ಅಂತ ಇದನ್ನು ಕೊಂಡಿದ್ದರಂತೆ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಆಂಡ್ ಸ್ಕಾಟ್ ಕಂಪನಿಯ ಮಾರ್ಕ್ 4, .32 ಬೋರು (ನಳಿಗೆಯ ತೂತಿನ ಅಳತೆ), ಆರು ಗುಂಡಿನದು. ಗುಂಡಿಗೆ ಹೊಡೆಯುವ ಸುತ್ತಿಗೆ, ಅಂದರೆ ಹ್ಯಾಮರ್ ಪಕ್ಕದ ಚಿಲಕ ಒತ್ತಿ ನಳಿಗೆ ಬಗ್ಗಿಸಿದರೆ ಮಧ್ಯಕ್ಕೆ ತೆರೆದುಕೊಳ್ಳುತ್ತದೆ, ಹಾರಿಸಿದ ಗುಂಡುಗಳ ಖಾಲಿ ಕವಚಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ಇದೇ ಮಾದರಿಯದು.

ಲೈಸೆನ್ಸ್ ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. 2016ರ ಆಯುಧ ನಿಯಮದಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಡಿಸಿ ಆಫೀಸು, ಪೊಲೀಸ್ ವರದಿ ಎಲ್ಲ ಇದ್ದದ್ದೇ. ಅದನ್ನು ಬಿಡೋಣ.

ನನ್ನ ಕೈಗೆ ಬಂದಾಗ ಅದರ ಸ್ಥಿತಿ ನೋಡುವ ಹಾಗಿರಲಿಲ್ಲ. ಮನೆಯಲ್ಲೇ ಕೊಬ್ಬರಿ ಎಣ್ಣೆ ಇರುವಾಗ ಬೇರೆ ಎಣ್ಣೆ ಯಾಕೆ ಅನ್ನೋದು ತಾತನ ವಾದ. ಆ ಎಣ್ಣೆ ಸಂದಿಗಳಲ್ಲಿ ಒಣಗಿ ಕಂದು ಅಂಟಾಗಿತ್ತು. ವರ್ಷವಿಡೀ ಇಡುತ್ತಿದ್ದದ್ದು ಚರ್ಮದ ಚೀಲದಲ್ಲಿ. ಚರ್ಮ ತೇವ ಹೀರಿ ಹಿಡಿದಿಡುತ್ತದೆ. ನಳಿಗೆಯ ಬಲಗಡೆ ಚೀಲ ತಾಗುವ ಜಾಗದಲ್ಲೇ ತುಕ್ಕು ಕಚ್ಚಿ ಗುಳಿ ಬಿದ್ದಿತ್ತು. ಆಯುಧ ಪೂಜೆಯ ಅರಿಶಿನ ಕುಂಕುಮ ಹಿಡಿಯ ಗೀರುಗಳಲ್ಲಿ ಕೂತುಬಿಟ್ಟಿತ್ತು. ಜೊತೆಗೆ ಎಲೆಕ್ಷನ್ ಬಂದಾಗಲೆಲ್ಲ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಬೇಕಲ್ಲ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ. ಅಷ್ಟು ವಾರ ಯಾರೂ ಒರೆಸದೆ ಬಿದ್ದಿರುತ್ತದೆ.

ತುಮಕೂರಿನಲ್ಲಿ ಬೈಕ್ ಭಾಗಗಳಿಗೆ ನಿಕ್ಕಲ್ ಹಾಕುವವರ ಹತ್ತಿರ ಕೊಡು, ಮಿಂಚುತ್ತೆ ಅಂದರು ಕೆಲವರು. ಅದು ಆಗುವ ಮಾತಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ವೃತ್ತಿಗೂ ಲೈಸೆನ್ಸ್ ಬೇಕು. ಹಾಗಾಗಿ ಲೈಸೆನ್ಸ್ ಪುಸ್ತಕದ ಸಮೇತ, ಖಾಲಿ ರಿವಾಲ್ವರ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿನ ಒಂದು ಹಳೇ ಬಂದೂಕಿನ ಅಂಗಡಿಗೆ ಹೋದೆ. ಅವರು ನಂಬರ್ ತಾಳೆ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ರಸೀತಿ ಕೊಟ್ಟರು. ಆ ರಸೀತಿ ಜೋಪಾನ. ಆಯುಧ ಎಲ್ಲಿ ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ತೋರಿಸೋಕೆ ಇರೋದು ಅದೊಂದೇ.

ಮೇಸ್ತ್ರಿ ವಯಸ್ಸಾದವರು. ಬಣ್ಣದ ಮಾತೇ ಎತ್ತಲಿಲ್ಲ. ಮೊದಲು ನಳಿಗೆ ಮುಚ್ಚಿ, ಚಿಲಕದ ಹತ್ತಿರ ಅಲ್ಲಾಡಿಸಿ ನೋಡಿದರು. ಈ ಮಾದರಿಯಲ್ಲಿ ಕೀಲು, ಚಿಲಕ ಸವೆದರೆ ಮೇಲಿನ ಭಾಗವೇ ಅಲುಗುತ್ತದೆ. ಆಮೇಲೆ ಹ್ಯಾಮರ್ ಎಳೆದು, ಗುಂಡು ತುಂಬುವ ಸಿಲಿಂಡರಿನ ಪ್ರತಿ ತೂತೂ ನಳಿಗೆಗೆ ನೇರವಾಗಿ ನಿಲ್ಲುತ್ತದಾ ಅಂತ ನೋಡಿದರು. "ಗಟ್ಟಿ ಇದೆ ಸಾರ್. ಇಲ್ಲದಿದ್ದರೆ ಬಣ್ಣಕ್ಕೆ ದುಡ್ಡು ಹಾಕಬೇಡಿ ಅಂತಿದ್ದೆ" ಅಂದರು.

ಅಲ್ಲಿಂದ ಶುರುವಾಯಿತು ನಿಜವಾದ ಚರ್ಚೆ. ನಾವು ಬಣ್ಣ ಅಂತೀವಿ, ಆದರೆ ಬ್ಲೂಯಿಂಗ್ ಅನ್ನೋದು ಪೇಂಟ್ ಅಲ್ಲ. ಕಬ್ಬಿಣದ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗುವುದು. ತೀರಾ ತೆಳು. ಅದರ ಕೆಳಗೆ ಗೀರಿದ್ದರೆ ಗೀರು, ಗುಳಿ ಇದ್ದರೆ ಗುಳಿ, ಎಲ್ಲ ಹಾಗೇ ಕಾಣುತ್ತದೆ. ಅಂದರೆ ಕೆಲಸವೆಲ್ಲ ಪಾಲಿಶ್‌ನಲ್ಲೇ. ಗುಳಿ ಪೂರ್ತಿ ಹೋಗಬೇಕಾದರೆ ಸುತ್ತಲಿನ ಲೋಹವನ್ನು ಗುಳಿಯ ತಳದವರೆಗೂ ಉಜ್ಜಬೇಕು. ಆಗ ಕಂಪನಿಯ ಹೆಸರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಪರೀಕ್ಷಿಸಿ ಒತ್ತಿದ ಕಿರೀಟದ ಮುದ್ರೆ ಎಲ್ಲ ಮಾಸುತ್ತವೆ. ನಂಬರ್ ಅಳಿದರಂತೂ ಅಪರಾಧ.

ಪಾಲಿಶ್ ಮಾಡುವ ಬಫ್ ಚಕ್ರಕ್ಕೆ ಹಿಡಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ಮೂಲೆಗಳು ಉರುಟಾಗುತ್ತವೆ, ಸ್ಕ್ರೂ ತೂತಿನ ಅಂಚು ಒಳಕ್ಕೆ ಇಳಿದು ತಟ್ಟೆಯಂತಾಗುತ್ತದೆ. ಅಂಥ ಬಂದೂಕುಗಳನ್ನು ನೋಡಿದ್ದೇನೆ. ಕನ್ನಡಿ ಹಾಗೆ ಹೊಳೆಯುತ್ತವೆ, ಸೋಪು ಸವೆದ ಹಾಗೆ ಆಕಾರ ಕಳೆದುಕೊಂಡಿರುತ್ತವೆ. ನನಗದು ಬೇಡವಾಗಿತ್ತು. ಕೈಯಲ್ಲೇ ಉಜ್ಜಿ, ಎಮರಿ ಪೇಪರ್ ಹಿಂದೆ ಚಪ್ಪಟೆ ಮರದ ತುಂಡು ಇಟ್ಟುಕೊಳ್ಳಿ, ಅಕ್ಷರಗಳ ಹತ್ತಿರ ಹೋಗಬೇಡಿ, ಬಲಗಡೆಯ ಆಳದ ಗುಳಿ ಹಾಗೇ ಇರಲಿ ಅಂದೆ. "ನೋಡಿದವರು ಕೆಲಸ ಸರಿಯಾಗಿಲ್ಲ ಅಂತಾರೆ" ಅಂದರು. ಅನ್ನಲಿ ಬಿಡಿ ಅಂದೆ. ನೋಡುವವನು ನಾನೇ ಅಲ್ವಾ?

ಮುಂದಿನದು ಅವರ ಪಾಲಿಗೆ ದಿನನಿತ್ಯದ ಕೆಲಸ. ಎಲ್ಲ ಬಿಚ್ಚಿ, ಸ್ಪ್ರಿಂಗ್‌ಗಳನ್ನೂ ಹಿಡಿಯನ್ನೂ ಪಕ್ಕಕ್ಕಿಟ್ಟು, ಎಣ್ಣೆಯ ಪಸೆ ಇಲ್ಲದ ಹಾಗೆ ತೊಳೆದರು. ಬೆರಳ ಗುರುತು ಉಳಿದರೂ ಅಲ್ಲಿ ಕಲೆ ಬೀಳುತ್ತದೆ. ಆಮೇಲೆ ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪು ಕಲಸಿದ ನೀರು ಸುಮಾರು 140 ಡಿಗ್ರಿಯಲ್ಲಿ ಕುದಿಯುವಾಗ ಅದರಲ್ಲಿ ಇಳಿಬಿಡುತ್ತಾರೆ. ಮನೆಯಲ್ಲಿ ಮಾಡುವ ಆಟ ಅಲ್ಲ ಇದು, ಒಂದು ಹನಿ ಸಿಡಿದರೂ ಚರ್ಮ ಸುಡುತ್ತದೆ. ಅಂದ ಹಾಗೆ, ಜೋಡಿ ನಳಿಗೆ ಬಂದೂಕು ಇರುವವರು ಈ ವಿಧಾನಕ್ಕೆ ಒಪ್ಪಬೇಡಿ. ನಳಿಗೆಗಳ ನಡುವಿನ ಸೀಸದ ಬೆಸುಗೆಯನ್ನು ಆ ದ್ರಾವಣ ತಿಂದುಹಾಕುತ್ತದೆ. ಅದಕ್ಕೆ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ಉಜ್ಜುವ ನಿಧಾನದ ವಿಧಾನವೇ ಸರಿ.

ವಾಪಸ್ ಬಂದಾಗ ನಳಿಗೆ ಬಿಸಿಲಿಗೆ ಹಿಡಿದರೆ ನೀಲಿ, ನೆರಳಲ್ಲಿ ಕಪ್ಪು. ಅಕ್ಷರಗಳು ಚೂಪಾಗಿ ಉಳಿದಿವೆ. ಹ್ಯಾಮರ್ ಮಾತ್ರ ಸ್ವಲ್ಪ ನೇರಳೆಗೆ ತಿರುಗಿದೆ. ಗಟ್ಟಿ ಮಾಡಿದ ಉಕ್ಕು ಕೆಲವು ಸಲ ಹಾಗಾಗುತ್ತದಂತೆ. ಮತ್ತೆ ಮಾಡಿಕೊಡ್ತೀನಿ ಅಂದರು, ನನಗೇ ಅದು ಇಷ್ಟವಾಯಿತು. ಸವೆದ ಕರಿ ಹಿಡಿಯನ್ನೂ ಬದಲಿಸಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಲ್ಲಿ ಕುಂಕುಮ ತೆಗೆದೆ, ಅಷ್ಟೆ.

ಮೊದಲ ಕೆಲವು ವಾರ ಸ್ಕ್ರೂ ಸಂದಿಗಳನ್ನು ನೋಡುತ್ತಿರಿ ಅಂದಿದ್ದರು ಮೇಸ್ತ್ರಿ. ಒಳಗೆ ಉಪ್ಪು ಉಳಿದಿದ್ದರೆ ಬಿಳಿ ಪುಡಿಯಾಗಿ ಹೊರಬರುತ್ತದೆ. ಬಂದರೆ ಒರೆಸಿ ಎಣ್ಣೆ ಹಾಕಬೇಕು. ಟ್ರಿಗರ್ ಹತ್ತಿರ ಸ್ವಲ್ಪ ಕಂಡಿತು, ಒರೆಸಿದ ಮೇಲೆ ನಿಂತಿತು. ಈಗ ಹೊಲಿಗೆ ಮಿಷನ್ ಎಣ್ಣೆ ತೆಳುವಾಗಿ ಸವರಿ, ಕಾಟನ್ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಬೀಗ ಹಾಕಿಡುತ್ತೇನೆ. ಗುಂಡುಗಳು ಬೇರೆ ಕಡೆ. ಚರ್ಮದ ಚೀಲ ಗೋಡೆಗೆ ನೇತುಹಾಕಿದ್ದೇನೆ, ಖಾಲಿಯಾಗಿ.